ಹೈಬ್ರಿಡ್ ಕಾರಿಗೆ ಲೋವರ್ ಬ್ರೇಸ್, ಸ್ಟ್ರಟ್ ಬಾರ್ ಹಾಕಿಸಿದ್ದೀನಿ: ಏನು ಬದಲಾಯ್ತು, ಏನು ಬದಲಾಗಲಿಲ್ಲ

ಬನಶಂಕರಿ_ಹೈಬ್ರಿಡ್

ಎಲ್ಲರಿಗೂ ನಮಸ್ಕಾರ. ಹೈಬ್ರಿಡ್ ಕಾರು ಅಂದ್ರೆ ನಮ್ಮಲ್ಲಿ ಮೈಲೇಜ್ ಮಾತು ಬಿಟ್ಟು ಬೇರೆ ಮಾತೇ ಬರಲ್ಲ. ತಿರುವಿನಲ್ಲಿ ಅದು ಹೇಗೆ ನಡ್ಕೊಳ್ಳುತ್ತೆ, ಅದನ್ನ ಇನ್ನಷ್ಟು ಚೆನ್ನಾಗಿ ಮಾಡ್ಕೋಬಹುದಾ ಅನ್ನೋದನ್ನ ಕನ್ನಡದಲ್ಲಿ ಬಿಡಿಸಿ ಬರೆದಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೀನಿ. ಬ್ರೇಸ್ ಅಂದ್ರೆ ಬಾಡಿ ಅಲುಗಾಡದ ಹಾಗೆ ಅದರ ಎರಡು ಜಾಗ ಸೇರಿಸಿ ಬಿಗಿಯೋ ಲೋಹದ ಪಟ್ಟಿ.

ನನ್ನದು ಸ್ಟ್ರಾಂಗ್ ಹೈಬ್ರಿಡ್ ಸೆಡಾನ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರೋದು), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸೋ ಅಡ್ಡತೊಲೆ), ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯಲ್ಲಿ. ಕಂಪನಿ ಹೆಸರು ಬೇಕಂತಲೇ ಬರೀತಿಲ್ಲ, ಬರೆದ್ರೆ ಮಾತು ಬ್ರ್ಯಾಂಡ್ ಜಗಳಕ್ಕೆ ತಿರುಗುತ್ತೆ. ಕಾರಿನ ಬಗ್ಗೆ ನನಗೆ ದೂರಿಲ್ಲ, ಇಷ್ಟಪಟ್ಟೇ ತಗೊಂಡಿದ್ದು. ಆದರೆ ನೈಸ್ ರಸ್ತೆಯಿಂದ ಇಳಿಯೋ ಸುತ್ತು ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಮೂತಿ ಒಂದು ಕ್ಷಣ ತಡೆದು ಆಮೇಲೆ ತಿರುಗುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಮೇಲೆ ಜಾಯಿಂಟ್ ಹಾಯುವಾಗ ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ. ದಿನಾ ಓಡಿಸೋರಿಗೆ ಮಾತ್ರ ಗೊತ್ತಾಗೋ ಅಂಥದ್ದು.

ಮೊದಲು ಮಾಡಿಸಿದ್ದು ಬ್ರೇಸ್ ಅಲ್ಲ. ಟೈರ್ ಗಾಳಿ ತಣ್ಣಗಿರುವಾಗ ಅಳೆದು, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಪ್ರಕಾರ ಸರಿ ಮಾಡಿಸಿದೆ. ಲೋವರ್ ಆರ್ಮ್ (ಚಕ್ರವನ್ನ ಬಾಡಿಗೆ ಹಿಡಿಯೋ ಕೆಳಗಿನ ತೋಳು) ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಮೂರನ್ನೂ ಲಿಫ್ಟ್ ಮೇಲೆ ಹಾಕಿ ನೋಡಿಸಿದೆ. ಎಡಗಡೆ ಲಿಂಕ್ ರಾಡ್ ಆಡ್ತಿತ್ತು, ಹೊಸದು ಹಾಕಿಸಿದೆ. ಆಮೇಲೆ ಅಲೈನ್‌ಮೆಂಟ್. ಇಷ್ಟಕ್ಕೇ ನಡುಕ ಅರ್ಧ ಹೋಯ್ತು.

ಅದಾದ ಮೇಲೆ ಮುಂಭಾಗದ ಲೋವರ್ ಬ್ರೇಸ್. ಎರಡೂ ಕಡೆ ಲೋವರ್ ಆರ್ಮ್ ಕೂರೋ ಜಾಗದ ಹಿಂದಿನ ಬೋಲ್ಟ್‌ಗಳನ್ನ ಹಿಡಿದು, ಅಲ್ಲಿಂದ ಫ್ಲೋರ್‌ಗೂ ಒಂದು ಕಾಲು ಕೊಡುವಂಥದ್ದು. ಸ್ವಲ್ಪ ದಿನ ಅದರಲ್ಲೇ ಓಡಿಸಿ, ಆಮೇಲೆ ಬಾನೆಟ್ ಒಳಗೆ ಸ್ಟ್ರಟ್ ಬಾರ್, ಅಂದ್ರೆ ಎಡ ಬಲ ಸ್ಟ್ರಟ್‌ಗಳ ತಲೆ ಸೇರಿಸೋ ಅಡ್ಡ ಬಾರ್. ಎರಡೂ ಬೋಲ್ಟ್ ಹಾಕಿ ಕೂರಿಸೋವು. ಒಂದು ತೂತು ಕೊರೆದಿಲ್ಲ, ಒಂದು ವೆಲ್ಡಿಂಗ್ ಇಲ್ಲ.

ಬದಲಾಗಿದ್ದು: ಸ್ಟೀರಿಂಗ್‌ನ ಮೊದಲ ತಿರುವು. ಕೈ ಆಡಿಸಿದ ತಕ್ಷಣ ಮೂತಿ ಬರುತ್ತೆ. ಜಾಯಿಂಟ್ ಮೇಲೆ ಹಾಯುವಾಗ ಒಂದು ಸಲ ದಡ್ ಅಂದು ಮುಗಿಯುತ್ತೆ, ಹಿಂದೆ ಆ ಶಬ್ದಕ್ಕೆ ಬಾಲ ಇತ್ತು. ಕನಕಪುರ ರಸ್ತೆಯಲ್ಲಿ ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಕಾರು ಪಕ್ಕಕ್ಕೆ ಎಳೆಯೋದು ಕಡಿಮೆ ಆಗಿದೆ.

ಬದಲಾಗದೇ ಇದ್ದದ್ದು: ತಿರುವಿನಲ್ಲಿ ಕಾರು ವಾಲೋದು. ಅದು ಇದ್ದ ಹಾಗೇ ಇದೆ.

ಬೇರೆಯವರ ಅನುಭವ ಬೇಕು. ಅದರಲ್ಲೂ ಹಿಂಭಾಗಕ್ಕೆ ಏನಾದರೂ ಹಾಕಿಸಿದವರು ಇದ್ದರೆ ದಯವಿಟ್ಟು ಬರೀರಿ.

ಚಾರ್ಮಾಡಿ_ಕಡೆಯವ

ಒಳ್ಳೆ ವಿಷಯ ತೆಗೆದ್ರಿ ಸಾರ್. ನಮ್ಮದು ಹೈಕ್ರಾಸ್ ಹೈಬ್ರಿಡ್. ಊರು ಬೆಳ್ತಂಗಡಿ ಹತ್ತಿರ, ಕೆಲಸ ಬೆಂಗಳೂರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋ ಹೊತ್ತಿಗೆ ಮೂರನೇ ಸಾಲಲ್ಲಿ ಕೂತ ಮಕ್ಕಳಿಗೆ ವಾಂತಿ ಶುರು. ಸ್ಟ್ರಟ್ ಬಾರ್ ಹಾಕಿದ್ರೆ ವಾಲೋದು ಕಮ್ಮಿ ಆಗುತ್ತೆ ಅಂತ ಅಂಗಡಿಯವರು ಹೇಳಿದ್ರು. ನೀವು ನೋಡಿದ್ರೆ ವಾಲೋದು ಬದಲಾಗಿಲ್ಲ ಅಂತೀರಿ. ಯಾವುದು ನಿಜ?

ನಿವೃತ್ತ_ಮೇಷ್ಟ್ರು

ಬನಶಂಕರಿಯವರು ಹೇಳಿದ್ದೇ ನಿಜ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅಂಗಡಿಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂಬಂತೆ ಮಾರುತ್ತಾರೆ.

ಕಾರು ವಾಲುವುದನ್ನು ತಡೆಯುವುದು ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರ್. ಆ್ಯಂಟಿ ರೋಲ್ ಬಾರ್ ಎಡ ಬಲ ಚಕ್ರಗಳನ್ನು ಜೋಡಿಸುತ್ತದೆ. ಒಂದು ಚಕ್ರ ಮೇಲೆದ್ದು ಇನ್ನೊಂದು ಕೆಳಗಿಳಿದಾಗ ಆ ಸರಳು ತಿರುಚಿಕೊಂಡು ಪ್ರತಿರೋಧ ಒಡ್ಡುತ್ತದೆ. ಬ್ರೇಸ್ ಹಾಗಲ್ಲ. ಅದು ಚಕ್ರಕ್ಕೆ ಅಂಟಿಕೊಂಡೇ ಇಲ್ಲ, ಬಾಡಿಯ ಎರಡು ಬಿಂದುಗಳನ್ನು ಬಿಗಿಯುತ್ತದೆ ಅಷ್ಟೆ. ಅಲ್ಲಾಡುವ ಬೆಂಚಿಗೆ ಬಡಗಿ ಓರೆಪಟ್ಟಿ ಹೊಡೆಯುತ್ತಾನಲ್ಲ, ಅದೇ ತತ್ವ. ಬೆಂಚಿನ ಅಲುಗಾಟ ನಿಲ್ಲುತ್ತದೆ, ಅದರ ಎತ್ತರ ಬದಲಾಗುವುದಿಲ್ಲ. ಹಾಗೆಯೇ ಬ್ರೇಸ್ ಹಾಕಿದರೆ ಸಸ್ಪೆನ್ಷನ್ ಕೂತ ಜಾಗ ಜರುಗುವುದು ಕಡಿಮೆಯಾಗಿ, ಚಕ್ರದ ಕೋನ ತಿರುವಿನ ಮಧ್ಯದಲ್ಲೂ ಇಟ್ಟಲ್ಲೇ ಇರುತ್ತದೆ. ಸ್ಟೀರಿಂಗ್ ಚುರುಕಾಯಿತು ಅನ್ನಿಸುವುದು ಆ ಕಾರಣಕ್ಕೆ.

ಈಗ ಮೇಲಿನ ಬಾರೋ ಕೆಳಗಿನ ಬ್ರೇಸೋ ಎಂಬ ಪ್ರಶ್ನೆ. ಒಂದು ಒರಟು ಲೆಕ್ಕ ಮಾಡೋಣ. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಕೆಳಗಿನ ಬಾಲ್ ಜಾಯಿಂಟ್ ನೆಲದಿಂದ 20 ಸೆಂ.ಮೀ. ಎತ್ತರದಲ್ಲಿದೆ, ಸ್ಟ್ರಟ್‌ನ ತುದಿ 85 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ತಿರುವಿನಲ್ಲಿ ಟೈರಿನ ಮೇಲೆ ನೆಲದ ಮಟ್ಟದಲ್ಲಿ 100 ಕಿಲೋ ಅಡ್ಡಬಲ ಬಿತ್ತು. ಸ್ಟ್ರಟ್‌ನ ತುದಿಯ ಸುತ್ತ ಮೊಮೆಂಟ್ ತೆಗೆದರೆ ಕೆಳಗಿನ ಆರ್ಮ್ ಹೊರುವ ಬಲ 100 × 85 ÷ 65, ಅಂದರೆ ಸುಮಾರು 131 ಕಿಲೋ. ಮೇಲಿನ ಟವರ್‌ಗೆ (ಸ್ಟ್ರಟ್‌ನ ತುದಿ ಕೂರುವ ಬಾಡಿಯ ಭಾಗ) ಬರುವುದು ವಿರುದ್ಧ ದಿಕ್ಕಿನಲ್ಲಿ ಸುಮಾರು 31 ಕಿಲೋ. ಅಳತೆ ಕಾರಿನಿಂದ ಕಾರಿಗೆ ಬದಲಾಗುತ್ತದೆ, ಆದರೆ ಅನುಪಾತ ಹೆಚ್ಚು ಕಡಿಮೆ ಹೀಗೇ. ನಾಲ್ಕು ಪಟ್ಟು ಬಲ ಬೀಳುವುದು ಕೆಳಗೆ. ಬಾನೆಟ್ ಎತ್ತಿದರೆ ಕಾಣುವ ಬಣ್ಣದ ಬಾರ್ ಮೇಲೆ ಎಲ್ಲರಿಗೂ ಪ್ರೀತಿ, ಕೆಲಸ ಇರುವುದು ಮಾತ್ರ ಕಾರಿನ ಹೊಟ್ಟೆಯ ಕಡೆ.

ಒಂದು ಎಚ್ಚರಿಕೆ. ಈಗಿನ ಬಹಳಷ್ಟು ಕಾರುಗಳಲ್ಲಿ ಎಡ ಬಲ ಆರ್ಮ್‌ಗಳನ್ನು ಸಬ್‌ಫ್ರೇಮ್ (ಬಾಡಿಯ ಕೆಳಗೆ ಸಸ್ಪೆನ್ಷನ್ ಹೊರುವ ಚೌಕಟ್ಟು) ಆಗಲೇ ಜೋಡಿಸಿರುತ್ತದೆ. ಅದರ ಮೇಲೆಯೇ ಎಡದಿಂದ ಬಲಕ್ಕೆ ಇನ್ನೊಂದು ಪಟ್ಟಿ ಹಾಕಿದರೆ ಲಾಭ ತೀರಾ ಕಡಿಮೆ. ಸಬ್‌ಫ್ರೇಮ್‌ನ ಹಿಂದಿನ ಬೋಲ್ಟ್‌ಗಳಿಂದ ಬಾಡಿಯ ಫ್ಲೋರ್‌ಗೆ ಕಾಲು ಕೊಡುವ ಬ್ರೇಸ್ ಆದರೆ ಅರ್ಥವಿದೆ. ಬನಶಂಕರಿಯವರು ಹಾಕಿಸಿರುವುದು ಅಂಥದ್ದು.

ಇದು ಹೊಸ ವಿಷಯವೇನಲ್ಲ. ಟೊಯೊಟಾ ಪ್ರಿಯಸ್ ಭಾರತಕ್ಕೆ ಬಂದದ್ದು 2010ರಲ್ಲಿ, ಅದು ಮೂರನೇ ತಲೆಮಾರಿನ ಕಾರು. ಅದಕ್ಕೂ ಮುಂಚೆಯೇ ಎರಡನೇ ತಲೆಮಾರಿನ ಪ್ರಿಯಸ್ ಇಟ್ಟುಕೊಂಡ ಅಮೆರಿಕದ ಮಾಲೀಕರು ಸೈಲೆನ್ಸರ್ ಪೈಪ್ ಹಾಯುವ ಸುರಂಗದ ಎರಡು ಅಂಚುಗಳನ್ನು ಸೇರಿಸುವ ಲೋಹದ ಪ್ಲೇಟ್ ಹಾಕಿಸುತ್ತಿದ್ದರು. ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಕಾರು ಅತ್ತಿತ್ತ ಸರಿಯುತ್ತದೆ, ಸ್ಟೀರಿಂಗ್ ಸದಾ ತಿದ್ದುತ್ತಿರಬೇಕು ಎಂಬುದು ಅವರ ತೊಂದರೆ. 2015ರ ಕೊನೆಗೆ ಬಂದ ನಾಲ್ಕನೇ ತಲೆಮಾರಿನ ಪ್ರಿಯಸ್‌ನಲ್ಲಿ ಬಾಡಿಯ ತಿರುಚು ಬಿಗಿತ ಹಿಂದಿನದಕ್ಕಿಂತ ಶೇ 60ರಷ್ಟು ಹೆಚ್ಚಿದೆ ಎಂದು ಟೊಯೊಟಾ ಹೇಳಿತು. ಲೇಸರ್ ಸ್ಕ್ರೂ ವೆಲ್ಡಿಂಗ್, ಬಾಡಿಗೆ ಹಚ್ಚುವ ಅಂಟು ಇವೆಲ್ಲ ಸೇರಿ ಆದದ್ದು. ಹಿಂದಿನ ಟಾರ್ಷನ್ ಬೀಮ್ ತೆಗೆದು ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳಿರುವ ಸಸ್ಪೆನ್ಷನ್) ಕೊಟ್ಟರು. ಮಾಲೀಕರು ಬೋಲ್ಟ್ ಹಾಕಿ ಹುಡುಕುತ್ತಿದ್ದ ಗುಣವನ್ನು ಕಾರ್ಖಾನೆಯೇ ಬಾಡಿಯೊಳಗೆ ಕೂರಿಸಿತು.

ಚಾರ್ಮಾಡಿಯವರೇ, ಮಕ್ಕಳ ವಾಂತಿಗೆ ಬ್ರೇಸ್ ಮದ್ದಲ್ಲ. ಸಾಧ್ಯವಾದರೆ ಘಾಟಿ ಇಳಿಯುವಾಗ ಅವರನ್ನು ಮಧ್ಯದ ಸಾಲಿಗೆ ಕೂರಿಸಿ, ಕಿಟಕಿಯಾಚೆ ದೂರಕ್ಕೆ ನೋಡಲು ಹೇಳಿ.

ಟೈರ್_ಮೊದಲು

ಮೇಷ್ಟ್ರ ಲೆಕ್ಕ ಒಪ್ಕೊಂಡೆ. ಆದರೂ ನನ್ನ ವಾದ ಬೇರೆ. ಹೈಬ್ರಿಡ್‌ಗೆ ಕಂಪನಿಯಿಂದ ಬರೋದು ಸುಲಭವಾಗಿ ಉರುಳೋ ಟೈರ್. ಮೈಲೇಜ್‌ಗೋಸ್ಕರ ರಬ್ಬರ್ ಮಿಶ್ರಣವನ್ನೇ ಆ ತರ ಮಾಡಿರ್ತಾರೆ. ಕಾರು ನೆಲ ಮುಟ್ಟೋದು ಅಂಗೈಯಷ್ಟು ನಾಲ್ಕು ಜಾಗದಲ್ಲಿ ಮಾತ್ರ. ಅಲ್ಲೇ ಹಿಡಿತ ಇಲ್ಲದಿದ್ರೆ ಮೇಲೆ ಕಬ್ಬಿಣ ಕಟ್ಟಿ ಏನು ಪ್ರಯೋಜನ? ಬ್ರೇಸ್ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಒಳ್ಳೆ ಟೈರ್ ಹಾಕಿಸಿ. ಮಳೆಯಲ್ಲಿ ಬ್ರೇಕ್ ಹಿಡಿದಾಗ ಜೀವ ಉಳಿಸೋದು ಅದು.

ಇನ್ನೊಂದು ಮಾತು. ಬನಶಂಕರಿಯವರು ದುಡ್ಡು ಖರ್ಚು ಮಾಡಿದ್ದಾರೆ, ಹಾಗಾಗಿ ವ್ಯತ್ಯಾಸ ಗೊತ್ತಾಗಿಯೇ ಆಗುತ್ತೆ. ಯಾವುದು ಇದೆ, ಯಾವುದು ಇಲ್ಲ ಅಂತ ಗೊತ್ತಿಲ್ಲದವರ ಕೈಲಿ ಓಡಿಸಿ ನೋಡಬೇಕು. ಆಗ ನಂಬ್ತೀನಿ.

ಬನಶಂಕರಿ_ಹೈಬ್ರಿಡ್

@ಟೈರ್_ಮೊದಲು ನ್ಯಾಯವಾದ ಮಾತು. ಟೈರ್ ಮೊದಲು ಅನ್ನೋದರಲ್ಲಿ ನನಗೂ ಎರಡು ಮಾತಿಲ್ಲ. ನನ್ನ ಟೈರ್‌ಗಳಲ್ಲಿ ಇನ್ನೂ ಆಯಸ್ಸಿದೆ, ಅದು ಮುಗಿದಾಗ ಹಿಡಿತ ನೋಡಿ ಬೇರೆ ತಗೋತೀನಿ, ಮೈಲೇಜ್ ಒಂದೆರಡು ಕಿಲೋಮೀಟರ್ ಬಿದ್ದರೂ ಪರವಾಗಿಲ್ಲ. ನೀವು ಹೇಳಿದ ಪರೀಕ್ಷೆ ಮಾಡ್ತೀನಿ. ನನ್ನ ತಮ್ಮ ಇದೇ ಕಾರನ್ನ ಆಗಾಗ ಓಡಿಸ್ತಾನೆ, ಅವನಿಗೆ ಈ ವಿಷಯದಲ್ಲಿ ಆಸಕ್ತಿ ಇಲ್ಲ. ಅವನೇ ಸರಿಯಾದ ಆಳು.

ಸ್ಪ್ಯಾನರ್_17

ನಾನು ಸಸ್ಪೆನ್ಷನ್ ಕೆಲಸ ಮಾಡೋನು, ಜೆ.ಸಿ. ರಸ್ತೆ, ಕಲಾಸಿಪಾಳ್ಯ ಕಡೆಯೇ ಕೆಲಸ ಕಲಿತದ್ದು. ಹಾಕಿಸೋರು ದಯವಿಟ್ಟು ಇದನ್ನ ಓದಿ, ಅರ್ಧಕ್ಕೆ ಬಿಡಬೇಡಿ.

ಹೈಬ್ರಿಡ್ ಕಾರು ರೆಡಿ ಸ್ಥಿತಿಯಲ್ಲಿದ್ರೆ ಸದ್ದೇ ಇರಲ್ಲ. ಆಫ್ ಆಗಿದೆ ಅಂದ್ಕೊಂಡು ಕೆಳಗೆ ನುಗ್ಗಿ ಕೈ ಹಾಕಿರ್ತಾರೆ, ಬ್ಯಾಟರಿ ಚಾರ್ಜ್ ಇಳಿದ ಕೂಡಲೇ ಎಂಜಿನ್ ತಾನಾಗೇ ಶುರು ಆಗುತ್ತೆ. ನಮ್ಮಲ್ಲಿ ಕಾರು ಲಿಫ್ಟ್ ಹತ್ತೋ ಮುಂಚೆ ಪವರ್ ಆಫ್ ಮಾಡಿ, ಡ್ಯಾಶ್‌ಬೋರ್ಡ್‌ನಲ್ಲಿ ರೆಡಿ ದೀಪ ಆರಿದೆಯಾ ನೋಡಿ, ಕೀ ಮಾಲೀಕರ ಕೈಗೇ ವಾಪಸ್ ಕೊಟ್ಟು ದೂರ ಕೂರಿಸ್ತೀವಿ. ಆಮೇಲೇ ಪಾನ ಕೈಗೆ ತಗೊಳ್ಳೋದು.

ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ಅದು ಹೈ ವೋಲ್ಟೇಜ್. ಬ್ಯಾಟರಿ ಹಿಂದೆ, ಇನ್ವರ್ಟರ್ (ಬ್ಯಾಟರಿ ಕರೆಂಟನ್ನ ಮೋಟಾರಿಗೆ ತಕ್ಕಂತೆ ಬದಲಿಸೋ ಪೆಟ್ಟಿಗೆ) ಮುಂದೆ, ಹಾಗಾಗಿ ಆ ಕೇಬಲ್ ಕಾರಿನ ಹೊಟ್ಟೆ ಕೆಳಗೇ ಹಾಯ್ದು ಬಂದಿರುತ್ತೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಬ್ಯಾಟರಿ 177.6 ವೋಲ್ಟ್. ಮೂರನೇ ತಲೆಮಾರಿನ ಪ್ರಿಯಸ್‌ದು 201.6 ವೋಲ್ಟ್, ಅದನ್ನ ಇನ್ವರ್ಟರ್ 650 ವೋಲ್ಟ್‌ವರೆಗೆ ಏರಿಸುತ್ತೆ. ಬ್ರೇಸ್‌ನ ಯಾವ ಮೂಲೆಯೂ ಆ ಕೇಬಲ್‌ಗೆ, ಅದರ ಕವಚಕ್ಕೆ, ಕ್ಲಿಪ್‌ಗೆ ತಾಗಬಾರದು. ಇವತ್ತು ತಾಗಲ್ಲ ಅಂದ್ರೆ ಸಾಲದು, ಕಲ್ಲು ಬಡಿದು ಬ್ರೇಸ್ ಬಗ್ಗಿದ್ರೂ ತಾಗಬಾರದು. ಜಾಕ್ ಕೊಡೋದು ಕೂಡ ಕಂಪನಿ ಗುರುತು ಮಾಡಿದ ಜಾಗಕ್ಕೇ.

ಸ್ಟ್ರಟ್ ಬಾರ್ ಹಾಕುವಾಗ ಟವರ್ ಮೇಲೆ ಮೂರು ನಟ್ ಇರೋ ಕಾರಿನಲ್ಲಿ ಆ ಮೂರನ್ನ ಮಾತ್ರ ತೆಗೀಬೇಕು, ಕಾರು ನೆಲದ ಮೇಲೆ ಚಕ್ರದಲ್ಲೇ ನಿಂತಿರಬೇಕು. ಮಧ್ಯದ ನಟ್ ಮುಟ್ಟಲೇಬಾರದು. ಅದರ ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿದೆ. ಕೆಲವು ಕಾರುಗಳಲ್ಲಿ ಟವರ್ ತಲೆ ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಒಳಗಿರುತ್ತೆ. ಆ ಪ್ಲಾಸ್ಟಿಕ್ ಕೊಯ್ದು ಬಾರ್ ತೂರಿಸೋರನ್ನ ನೋಡಿದ್ದೀನಿ. ಗಾಜಿನ ಮೇಲಿಂದ ಇಳಿಯೋ ಮಳೆನೀರು ಪಕ್ಕಕ್ಕೆ ಹೋಗ್ಲಿ ಅಂತಾನೇ ಆ ಹೊದಿಕೆ ಇರೋದು. ಕೊಯ್ದ್ರೆ ನೀರು ಎಲ್ಲಿಗೆ ಬೀಳುತ್ತೆ? ಇನ್ವರ್ಟರ್, ವೈರಿಂಗ್ ಎಲ್ಲ ಅಲ್ಲೇ ಕೆಳಗಿದೆ. ಕೊಯ್ಯದೆ ಕೂರಲ್ಲ ಅಂದ್ರೆ ಆ ಬಾರ್ ನಿಮ್ಮ ಕಾರಿಗಲ್ಲ.

ಬಾರ್‌ಗೂ ಎಂಜಿನ್‌ಗೂ ಮಧ್ಯೆ ಎರಡು ಬೆರಳು ಹೋಗಬೇಕು. ಹೈಬ್ರಿಡ್ ಎಂಜಿನ್ ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ನಿಂತು ಶುರು ಆಗುತ್ತೆ, ಪ್ರತಿ ಸಲ ಮೌಂಟ್ ಮೇಲೆ ಕುಲುಕುತ್ತೆ. ಮೂರು ಸಿಲಿಂಡರ್ ಆದ್ರೆ ಇನ್ನೂ ಜಾಸ್ತಿ.

ಕೊನೆಯದು, ಜನ ಅತಿ ಹೆಚ್ಚು ಮರೆಯೋದು. ಲೋವರ್ ಆರ್ಮ್ ಬೋಲ್ಟ್ ಸಡಿಲ ಮಾಡಿದ್ರೆ, ಕೊನೇ ಬಿಗಿತ ಕೊಡೋದು ಕಾರು ತನ್ನ ಚಕ್ರದ ಮೇಲೆ ನಿಂತಾಗ. ಲಿಫ್ಟ್ ಮೇಲೆ ಚಕ್ರ ಜೋತಾಡ್ತಿರುವಾಗ ಬಿಗಿ ಮಾಡಿದ್ರೆ ಬುಷ್ ರಬ್ಬರ್ ಆ ಸ್ಥಿತಿಯಲ್ಲೇ ಹಿಡ್ಕೊಳ್ಳುತ್ತೆ. ಕಾರು ಇಳಿಸಿದ ತಕ್ಷಣ ತಿರುಚಿಕೊಂಡು ಕೂರುತ್ತೆ, ಬೇಗ ಹರಿಯುತ್ತೆ. ಟಾರ್ಕ್ ಎಷ್ಟು ಅಂತ ನಿಮ್ಮ ಕಾರಿನ ಸರ್ವಿಸ್ ಮ್ಯಾನುವಲ್ ನೋಡಿ, ಟಾರ್ಕ್ ರೆಂಚ್ ಇಲ್ಲದ ಕಡೆ ಈ ಕೆಲಸ ಬೇಡ. ಕೆಲವು ಸಬ್‌ಫ್ರೇಮ್ ಬೋಲ್ಟ್‌ಗಳು ಒಂದೇ ಸಲಕ್ಕೆ, ಬಿಚ್ಚಿದ್ರೆ ಹೊಸದೇ ಹಾಕಬೇಕು. ಆಮೇಲೆ ಅಲೈನ್‌ಮೆಂಟ್ ಮತ್ತೆ ಮಾಡಿಸಿ, ಸ್ಟೀರಿಂಗ್ ಕೋನದ ಸೆನ್ಸರ್ ಸೊನ್ನೆಗೆ ತರಿಸಿ.

ಮಲ್ಲೇಶ್ವರಂ_ಹೈರೈಡರ್

@ಸ್ಪ್ಯಾನರ್_17 ತುಂಬಾ ಥ್ಯಾಂಕ್ಸ್ ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಸಣ್ಣ ಸೇರ್ಪಡೆ: ಕೆಳಗಿನ ಪ್ಲಾಸ್ಟಿಕ್ ಅಂಡರ್‌ಕವರ್ ಬಗ್ಗೆ ಎಲ್ಲರೂ ಕೇಳಿ. ನನ್ನ ಪರಿಚಯದವರ ಕಾರಿಗೆ ಬ್ರೇಸ್ ಹಾಕಿದ ಗ್ಯಾರೇಜಿನವರು "ಇದು ಕೂರಲ್ಲ ಮೇಡಂ" ಅಂತ ಅಂಡರ್‌ಕವರ್ ತೆಗೆದು ಡಿಕ್ಕಿಯಲ್ಲಿ ಇಟ್ಟು ಕಳಿಸಿದ್ರಂತೆ. ಗಾಳಿ ನಯವಾಗಿ ಹರಿಯಲಿ, ಕೆಸರು ಒಳಗೆ ಹೋಗದಿರಲಿ ಅಂತ ಕಂಪನಿ ಕೊಟ್ಟಿದ್ದು ಅದು. ಹೈಬ್ರಿಡ್ ತಗೊಂಡು ಅದನ್ನೇ ಕಿತ್ತು ಹಾಕೋದಾ?

ಹಿಂಭಾಗದ ಬಗ್ಗೆ ಕೇಳಿದ್ರಲ್ಲ ಬನಶಂಕರಿಯವರೇ, ನಾನು ಹಿಂದೆ ಆ್ಯಂಟಿ ರೋಲ್ ಬಾರ್ ಹಾಕಿಸಿ ಓಡಿಸಿದ್ದೀನಿ. ಹೈಬ್ರಿಡ್‌ನಲ್ಲಿ ಅಲ್ಲ, ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ, ಅದಕ್ಕೂ ಟಾರ್ಷನ್ ಬೀಮೇ. ವಾಲೋದು ನಿಜವಾಗಿ ಕಮ್ಮಿ ಆಯ್ತು. ಒಣ ರಸ್ತೆಯಲ್ಲಿ ಬಹಳ ಖುಷಿ. ಮಳೆಗಾಲದಲ್ಲಿ ಶಿರಾಡಿ ಹತ್ತುವಾಗ ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೆಲ್ಲಗೆ ಹೊರಗೆ ಸರಿಯುತ್ತಿತ್ತು. ನನಗದು ಬೇಡವಾಯ್ತು, ತೆಗೆಸಿದೆ. ಮನೆಯಲ್ಲಿ ಮೂರು ಜನ ಓಡಿಸೋ ಕಾರು, ಎಲ್ಲರೂ ಆ ಕ್ಷಣದಲ್ಲಿ ಸ್ಟೀರಿಂಗ್ ಸರಿಯಾಗಿ ಹಿಡೀತಾರೆ ಅಂತ ಹೇಳೋಕಾಗಲ್ಲ.

ನಿವೃತ್ತ_ಮೇಷ್ಟ್ರು

ಮೇಡಂ ಹೇಳಿದ್ದು ಬಹಳ ಮುಖ್ಯ. ಟಾರ್ಷನ್ ಬೀಮ್ ತಾನೇ ಒಂದು ಆ್ಯಂಟಿ ರೋಲ್ ಬಾರ್‌ನಂತೆ ಕೆಲಸ ಮಾಡುತ್ತದೆ, ಅಡ್ಡತೊಲೆ ತಿರುಚಿಕೊಳ್ಳುವುದೇ ಅದರ ಕೆಲಸ. ಅದಕ್ಕೆ ಇನ್ನೊಂದು ಸರಳು ಸೇರಿಸಿದರೆ ವಾಲುವಿಕೆಯ ಭಾರ ಹಿಂದಿನ ಚಕ್ರಗಳ ಮೇಲೆ ಹೆಚ್ಚು ಬೀಳುತ್ತದೆ. ಮುಂಭಾಗಕ್ಕೆ ಹಿಡಿತ ಉಳಿಯುತ್ತದೆ, ಹಿಂಭಾಗಕ್ಕೆ ಕಡಿಮೆಯಾಗುತ್ತದೆ. ಮಾಮೂಲಿ ಕಾರನ್ನು ಕಂಪನಿಯವರು ಮೂತಿ ಮೊದಲು ಜಾರುವ ಹಾಗೆಯೇ ಹೊಂದಿಸಿರುತ್ತಾರೆ. ಸಾಮಾನ್ಯ ಚಾಲಕ ಹೆದರಿ ಆಕ್ಸಿಲರೇಟರ್ ಬಿಟ್ಟರೂ ಕಾರು ನೆಟ್ಟಗಾಗಲಿ ಎಂಬ ಉದ್ದೇಶ ಅದು.

ಹೈಬ್ರಿಡ್‌ನಲ್ಲಿ ಇನ್ನೊಂದು ಅಂಶ ಸೇರುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರು ಜನರೇಟರ್ ಆಗಿ ಮುಂದಿನ ಚಕ್ರಗಳನ್ನು ಎಳೆದು ಹಿಡಿಯುತ್ತದೆ. ತೂಕ ಇನ್ನಷ್ಟು ಮುಂದಕ್ಕೆ ಬರುತ್ತದೆ, ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ. ಬ್ಯಾಟರಿ ಹಿಂದೆ ಇದೆಯಲ್ಲ, ಅದು ಒಂದು ಮಟ್ಟಿಗೆ ಸಮತೋಲ ಕೊಡುತ್ತದೆ ನಿಜ, ಆದರೆ ಹಿಂದೆ ಇಟ್ಟ ತೂಕ ಒಮ್ಮೆ ಸರಿಯಲು ಶುರುವಾದರೆ ನಿಲ್ಲಿಸುವುದೂ ಕಷ್ಟ. ದಿನನಿತ್ಯ ಮನೆಮಂದಿ ಓಡಿಸುವ ಹೈಬ್ರಿಡ್‌ಗೆ ಹಿಂದಿನ ಆ್ಯಂಟಿ ರೋಲ್ ಬಾರ್ ಬೇಡವೆಂದೇ ನನ್ನ ಅಭಿಪ್ರಾಯ.

ಯಲಹಂಕ_ರೌಂಡ್ಸ್

ಹಿಂದೆ ಟವರ್ ಬಾರ್ ಆದ್ರೂ ಹಾಕಬಹುದಲ್ಲ? ಡಿಕ್ಕಿಯಲ್ಲಿ ಅಡ್ಡ ಬಾರ್?

ಬನಶಂಕರಿ_ಹೈಬ್ರಿಡ್

@ಯಲಹಂಕ_ರೌಂಡ್ಸ್ ಜಾಗ ನೋಡ್ಕೊಳ್ಳಿ. ಹೋಂಡಾ ಸಿಟಿ ತಗೊಂಡ್ರೆ ಪೆಟ್ರೋಲ್ ಕಾರಿನ ಡಿಕ್ಕಿ 506 ಲೀಟರ್, ಹೈಬ್ರಿಡ್‌ದು 306 ಲೀಟರ್. ಆ 200 ಲೀಟರ್ ತಿಂದಿದ್ದು ಬ್ಯಾಟರಿ ಮತ್ತೆ ಅದರ ಸಲಕರಣೆ. ಬ್ಯಾಟರಿ ಪೆಟ್ಟಿಗೆ ಕೂತ ಬೋಲ್ಟ್‌ಗೆ ಏನನ್ನೂ ಜೋಡಿಸೋ ಹಾಗಿಲ್ಲ. ಇನ್ನು ಬ್ಯಾಟರಿ ತಣ್ಣಗಿರೋಕೆ ಗಾಳಿ ಎಳೆಯೋ ಕಿಂಡಿ ಹಿಂದಿನ ಸೀಟಿನ ಹತ್ತಿರ ಇರೋ ಕಾರುಗಳಲ್ಲಿ ಆ ದಾರಿಗೆ ಅಡ್ಡ ಬರಬಾರದು. ನಾನಂತೂ ಹಿಂದೆ ಕೈ ಹಾಕಲಿಲ್ಲ.

ಯಲಹಂಕ_ರೌಂಡ್ಸ್

ಸರಿ, ಅದು ಬಿಟ್ಟೆ. ಆದ್ರೆ ಲೋವರ್ ಬ್ರೇಸ್ ಬಗ್ಗೆ ನನ್ನ ಅನುಭವ ಕೇಳಿ. ನನ್ನ ಸೆಡಾನ್‌ಗೆ ಹಾಕಿಸಿದ್ದು ಮೂಲ ಹೊಟ್ಟೆಗಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ನಮ್ಮ ಬಡಾವಣೆ ಒಳಗಿನ ಹಂಪ್‌ಗೆ ಬಡಿದು ಒಂದು ಕಡೆ ಬ್ರ್ಯಾಕೆಟ್ ಬಾಗಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಷ್ಟು ಅಗಲ ಇದ್ದರೆ ಮುಂದಿನ ಚಕ್ರದ ಜೊತೆಗೇ ಹೊಟ್ಟೆಯೂ ಮೇಲೇಳುತ್ತೆ, ಏನೂ ತಾಗಲ್ಲ. ನಮ್ಮ ಗಲ್ಲಿಯಲ್ಲಿರೋದು ಒಂದು ಅಡಿ ಅಗಲದ ಗುಡ್ಡ. ಮುಂದಿನ ಚಕ್ರ ದಾಟಿ ಕೆಳಗಿಳಿಯುತ್ತೆ, ಅಷ್ಟರಲ್ಲಿ ಗುಡ್ಡ ಹೊಟ್ಟೆ ಕೆಳಗೆ ಇರುತ್ತೆ, ಸರಿಯಾಗಿ ಬ್ರೇಸ್ ಇರೋ ಜಾಗದಲ್ಲಿ.

ಸ್ಪ್ಯಾನರ್_17

ಅದಕ್ಕೇ ನಾವು ಮೊದಲು ಅಳತೆ ತಗೋಳೋದು. ಕಾರಿನಲ್ಲಿ ನಾಲ್ಕು ಜನ ಕೂರಿಸಿ, ಸಬ್‌ಫ್ರೇಮ್‌ನ ಅತಿ ತಗ್ಗಿನ ಜಾಗಕ್ಕೂ ನೆಲಕ್ಕೂ ಎಷ್ಟಿದೆ ಅಂತ ಟೇಪ್ ಹಿಡೀಬೇಕು. ಬ್ರೇಸ್ ಅದಕ್ಕಿಂತ ಕೆಳಗೆ ಇಳಿಯೋದಾದ್ರೆ ಸೆಡಾನ್‌ಗೆ ಬೇಡ. ಕೊಳವೆ ಆಕಾರದ್ದು ಬಿಟ್ಟು ಚಪ್ಪಟೆ ಪಟ್ಟಿ ಸಿಕ್ಕರೆ ಉತ್ತಮ. ಹೈರೈಡರ್, ಗ್ರ್ಯಾಂಡ್ ವಿಟಾರಾದ್ದು 210 ಮಿ.ಮೀ. ಎತ್ತರ, ಅವರಿಗೆ ಈ ತಲೆನೋವು ಕಮ್ಮಿ. ಮತ್ತೆ ಯಲಹಂಕದವರೇ, ಬಾಗಿದ ಬ್ರ್ಯಾಕೆಟ್ ಬಡಿದು ನೆಟ್ಟಗೆ ಮಾಡಿ ಹಾಕಿಸಬೇಡಿ. ಬೋಲ್ಟ್ ತೂತಿನ ಸುತ್ತ ಬಾಡಿ ಶೀಟ್ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿಸಿ. ಬ್ರೇಸ್ ಹೋದ್ರೆ ಹೋಗ್ಲಿ, ಬಾಡಿ ಮುಖ್ಯ.

ದಾಖಲೆ_ನೋಡಿ

ಎಲ್ಲರೂ ತಾಂತ್ರಿಕವಾಗಿ ಬರೆದಿದ್ದಾರೆ, ನಾನು ಕಾಗದಪತ್ರದ ವಿಷಯ ಹೇಳ್ತೀನಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ಬೇರೆಯಾಗೋ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ಕಾಯ್ದೆಯ ಸೆಕ್ಷನ್ 182ಎ(4) ಪ್ರಕಾರ ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಬೋಲ್ಟ್ ಬಿಚ್ಚಿದರೆ ಮೂಲ ಸ್ಥಿತಿಗೆ ಬರೋ ಬ್ರೇಸ್‌ಗೂ, ಷಾಸಿಗೆ ವೆಲ್ಡಿಂಗ್ ಮಾಡೋದಕ್ಕೂ ಅಜಗಜಾಂತರ. ವೆಲ್ಡಿಂಗ್, ತೂತು ಕೊರೆಯೋದು ಖಂಡಿತ ಬೇಡ.

ಇನ್ನು ವಾರಂಟಿ. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತೆ. ಬ್ರೇಸ್‌ಗೂ ಬ್ಯಾಟರಿಗೂ ಸಂಬಂಧ ಇಲ್ಲ ಅಂತ ನಮಗೆ ಗೊತ್ತು, ಆದರೆ ಕೇಬಲ್‌ಗೆ ಪೆಟ್ಟಾದರೆ ಆ ಮಾತು ನಿಲ್ಲಲ್ಲ. ಹಾಕಿಸೋ ಮುಂಚೆ ಸರ್ವಿಸ್ ಸೆಂಟರ್‌ಗೂ ಇನ್ಶೂರೆನ್ಸ್ ಕಂಪನಿಗೂ ಮೇಲ್ ಹಾಕಿ, ಉತ್ತರ ಉಳಿಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಬನಶಂಕರಿ_ಹೈಬ್ರಿಡ್

ಪರೀಕ್ಷೆ ಆಯ್ತು. ವಿವರವಾಗಿ ಬರೀತೀನಿ, ಯಾಕಂದ್ರೆ ಫಲಿತಾಂಶ ಮೇಷ್ಟ್ರ ಲೆಕ್ಕಕ್ಕೆ ಸರಿಯಾಗಿ ಕೂತಿದೆ.

ಮೊದಲ ವಾರಾಂತ್ಯ ತಮ್ಮನಿಗೆ ಹೇಳದೆ ಸ್ಟ್ರಟ್ ಬಾರ್ ಮಾತ್ರ ಬಿಚ್ಚಿಸಿ, ನಟ್‌ಗಳನ್ನ ಮತ್ತೆ ಟಾರ್ಕ್ ಪ್ರಕಾರ ಬಿಗಿ ಮಾಡಿಸಿದೆ. ಬೆಳಗಿನ ಜಾವ ನೈಸ್ ರಸ್ತೆ, ಆಮೇಲೆ ಕನಕಪುರ ರಸ್ತೆ, ಅವನು ಯಾವಾಗಲೂ ಓಡಿಸೋ ದಾರಿ. ವಾಪಸ್ ಬಂದ ಮೇಲೆ "ಕಾರು ಹೇಗಿದೆ?" ಅಂದೆ. "ಚೆನ್ನಾಗಿದೆ, ಯಾಕೆ?" ಅಂದ. ಅಷ್ಟೇ. ನಾನೇ ಓಡಿಸಿದಾಗಲೂ ಇಲ್ಲ ಅಂತ ಗೊತ್ತಿದ್ದರೂ ವ್ಯತ್ಯಾಸ ಹುಡುಕಬೇಕಾಯ್ತು.

ಮುಂದಿನ ಸಲ ಸ್ಟ್ರಟ್ ಬಾರ್ ಹಾಕಿಸಿ, ಲೋವರ್ ಬ್ರೇಸ್ ತೆಗೆಸಿದೆ. ಗಾಳಿ ಅಷ್ಟೇ, ಪೆಟ್ರೋಲ್ ಅಷ್ಟೇ, ಸೀಟಲ್ಲಿ ಜನ ಅಷ್ಟೇ. ಅಲೈನ್‌ಮೆಂಟ್ ಕೂಡ ಮತ್ತೆ ನೋಡಿಸಿದೆ, ಇಲ್ಲದಿದ್ರೆ ಹೋಲಿಕೆಗೆ ಬೆಲೆ ಇರಲ್ಲ. ನೈಸ್ ರಸ್ತೆಯಿಂದ ಇಳಿದು ಬಂದವನೇ ಅವನಾಗೇ ಕೇಳಿದ, "ಮುಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆಯಾ? ಸ್ಟೀರಿಂಗ್ ಸ್ವಲ್ಪ ಮೆತ್ತಗಾಗಿದೆ". ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಒಬ್ಬನ ಮಾತು ಇದು, ಎಲ್ಲ ಕಾರಿಗೂ ಹೀಗೇ ಅನ್ನಲ್ಲ. ಆದರೆ ನನ್ನ ಕಾರಿನ ಮಟ್ಟಿಗೆ ಲೋವರ್ ಬ್ರೇಸ್ ಇರುತ್ತೆ, ಸ್ಟ್ರಟ್ ಬಾರ್ ತೆಗೀತೀನಿ. ಮೂರ್ನಾಲ್ಕು ಕಿಲೋ ತೂಕ ಮೂತಿ ಮೇಲೆ ಸುಮ್ಮನೆ ಯಾಕೆ?

ಟೈರ್_ಮೊದಲು

ಈಗ ನಂಬಿದೆ. ತಮ್ಮ ಟೈರ್ ಗಾಳಿ ಬಗ್ಗೆ ಕೇಳಿದ್ದು ನೋಡಿ, ಮೂತಿ ಮೆತ್ತಗಾದ್ರೆ ಓಡಿಸೋರಿಗೆ ಹಾಗೇ ಅನ್ನಿಸೋದು. ಸ್ಟ್ರಟ್ ಬಾರ್ ನಿಮ್ಮದು ಒಂದೇ ತುಂಡಿನದ್ದಾ, ಅಥವಾ ಎರಡು ಕಡೆ ಬ್ರ್ಯಾಕೆಟ್‌ಗೆ ಬೋಲ್ಟ್ ಹಾಕಿ ಕೂರಿಸೋದಾ?

ಬನಶಂಕರಿ_ಹೈಬ್ರಿಡ್

ಬ್ರ್ಯಾಕೆಟ್‌ಗೆ ಬೋಲ್ಟ್ ಹಾಕೋದು. ಇನ್ವರ್ಟರ್ ಮೇಲೆ ಹಾಯಬೇಕಲ್ಲ, ಮಧ್ಯೆ ಬಿಲ್ಲಿನ ಹಾಗೆ ಬಾಗಿದೆ.

ನಿವೃತ್ತ_ಮೇಷ್ಟ್ರು

ಕಾರಣ ಅಲ್ಲೇ ಇದೆ. ತುದಿಗಳಲ್ಲಿ ಒಂದೊಂದೇ ಬೋಲ್ಟ್ ಇರುವ ಬಾರ್ ಅಲ್ಲಿ ಬಿಜಾಗರಿಯಂತೆ ತಿರುಗುತ್ತದೆ. ಅದು ತಡೆಯಬಲ್ಲದ್ದು ನೇರ ಎಳೆತ ಮತ್ತು ಒತ್ತಡವನ್ನು ಮಾತ್ರ. ಅದನ್ನೂ ನೇರವಾದ ಬಾರ್ ಚೆನ್ನಾಗಿ ತಡೆಯುತ್ತದೆ, ಬಾಗಿದ ಬಾರ್ ಒತ್ತಿದರೆ ಇನ್ನಷ್ಟು ಬಾಗಿ ಬಿಟ್ಟುಕೊಡುತ್ತದೆ. ಮೊದಲೇ 31 ಕಿಲೋ ಬರುವ ಜಾಗ, ಅದರಲ್ಲೂ ಬಾಗಿದ ಬಾರ್. ಎರಡು ಟವರ್‌ಗಳಿಂದ ಹಿಂದಿನ ಫೈರ್‌ವಾಲ್‌ಗೂ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಸೇರಿಸಿ ತ್ರಿಕೋನ ಮಾಡುವ ಬಾರ್ ಇದ್ದರೆ ಮಾತು ಬೇರೆ, ಆದರೆ ಹೈಬ್ರಿಡ್‌ನ ಬಾನೆಟ್ ಒಳಗೆ ಅದಕ್ಕೆ ಜಾಗ ಸಿಗುವುದು ಅಪರೂಪ.

ಚಾರ್ಮಾಡಿ_ಕಡೆಯವ

ಹಾಗಾದ್ರೆ ನಾನು ಹೈಕ್ರಾಸ್‌ಗೆ ಏನು ಮಾಡಿಸಲಿ? ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ರಾಮನಗರ ಹತ್ತಿರದ ಎತ್ತರದ ಸೇತುವೆ ಮೇಲೆ ಗಾಳಿ ಬೀಸಿದಾಗ ಎತ್ತರದ ಗಾಡಿ ಸರಿಯೋದು ಗೊತ್ತಾಗುತ್ತೆ. ಅದಕ್ಕಾದ್ರೂ ಲೋವರ್ ಬ್ರೇಸ್ ಹಾಕಿಸಲಾ?

ಸ್ಪ್ಯಾನರ್_17

ಮೊದಲು ಟೈರ್ ಗಾಳಿ, ಅದೂ ಪೂರ್ತಿ ಜನ, ಲಗೇಜ್ ಇರುವಾಗ ಸ್ಟಿಕ್ಕರ್‌ನಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನ ನೋಡಿ. ಮೇಲೆ ಕ್ಯಾರಿಯರ್ ಇದ್ದರೆ, ಬಳಸದಿದ್ದಾಗ ಬಿಚ್ಚಿಡಿ. ಆಮೇಲೆ ಮುಂದಿನ ಚಕ್ರಗಳ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಎಷ್ಟಿದೆ ಅಂತ ಅಲೈನ್‌ಮೆಂಟ್ ಪ್ರಿಂಟ್ ಇಸ್ಕೊಳ್ಳಿ. ಪ್ರಿಂಟ್‌ನಲ್ಲಿ ಹಸಿರಿದೆ, ಅಂದ್ರೆ ಮಿತಿಯೊಳಗಿದೆ ಅಂತ ಬಿಡಬೇಡಿ, ಎಡ ಬಲ ಎರಡೂ ಒಂದೇ ಆಗಿರಬೇಕು. ಮುಂಚಿನ ಪ್ರಿಂಟ್ ಇದ್ದರೆ ಜೊತೆಗೆ ತನ್ನಿ. ಇದಿಷ್ಟೂ ಆಗಿ ಗಾಡಿ ಇನ್ನೂ ಸರಿತಾ ಇದ್ದರೆ ಲಿಫ್ಟ್ ಮೇಲೆ ಹಾಕಿ ಸಬ್‌ಫ್ರೇಮ್ ಹಿಂದಿನ ಬೋಲ್ಟ್ ಹತ್ತಿರ ಜಾಗ, ಕೇಬಲ್ ದಾರಿ ಎರಡನ್ನೂ ನೋಡಿ ಹೇಳ್ತೀನಿ. ಬೆಳಿಗ್ಗೆ ಬೇಗ ಬನ್ನಿ, ಸೈಲೆನ್ಸರ್ ತಣ್ಣಗಿರಬೇಕು.